ಖಾಲಿ ಹಾಳೆಯ ಸಹಿ

ನನ್ನ ಗಂಡ ಮೋಹನ್‌ಕುಮಾರ್‌ಗೆ ಬುದ್ಧಿ ಹೇಳುವುದೂ ಒಂದೇ, ಗೋರ್ಕಲ್ಲ ಮೇಲೆ ಮಳೆ ಹೊಯ್ಯುವುದೂ ಒಂದೇ. ಪ್ರಿಂಟರ್ ಕೊಳ್ಳಲು ಹೋದಾಗ ಹಾಸನದ ಅಂಗಡಿಯವನು ಬಿಡಿಸಿ ಹೇಳಿದ: "ತಿಂಗ್ಳಿಗೆ ನಾಕು ಹಾಳೆ ತೆಗೆಯೋ ಮನೆಗೆ ಲೇಸರೇ ಸರಿ ಸಾ. ಇಂಕ್‌ಜೆಟ್ ಸುಮ್ನೆ ಬುಟ್ರೆ ಇಂಕು ಒಣಗೋಯ್ತದೆ." ನಾನೂ ಲೇಸರೇ ಇರಲಿ ಅಂದೆ. ಇವರು ಬಣ್ಣದ ಫೋಟೋ ಬರುತ್ತದೆಂದು ಇಂಕ್‌ಜೆಟ್ಟನ್ನೇ ಹೊತ್ತು ನಮ್ಮೂರು ದುದ್ದಕ್ಕೆ ತಂದರು. ಮೂರು ತಿಂಗಳು ಅದಕ್ಕೆ ಟವೆಲ್ ಹೊದಿಸಿಟ್ಟಿದ್ದೆವು.

ಆ ಗುರುವಾರ ಅದು ಬೇಕಾಯಿತು. ಇವರ ದೊಡ್ಡಪ್ಪ ತಿಮ್ಮಪ್ಪನವರಿಗೆ ಹೆಂಡತಿ ಮಕ್ಕಳಿಲ್ಲ. ಕಾಯಿಲೆ ಬಿದ್ದಾಗಿನಿಂದ ಅವರ ಹೇಲು ಉಚ್ಚೆ ಬಾಚಿದವರು ವಿಧವೆ ತಂಗಿ ದೊಡ್ಡತಾಯಮ್ಮ. ಮನೆಯನ್ನೂ ತೆಂಗಿನ ತೋಟವನ್ನೂ ಆಕೆಗೇ ವಿಲ್ ಮಾಡು ಎಂದು ದೊಡ್ಡಪ್ಪ ಇವರಿಗೆ ಹೇಳಿದರು. "ನಾನು ಸತ್ಮೇಲೆ ನನ್ ತಂಗೀನ ಯಾರೂ ಎಬ್ಬಿಸ್ಬಾರ್ದು ಕಣ್ಲಾ."

ಇವರು ಟೈಪ್ ಮಾಡಿ ಓದಿ ಹೇಳಿದರು. ಎಲ್ಲ ಸರಿಯಾಗಿತ್ತು. ಪ್ರಿಂಟರ್ ಮಾತ್ರ ಮೂರು ಸಲವೂ ಬಿಳಿ ಹಾಳೆಯನ್ನೇ ಉಗುಳಿತು. ಒಂದೂವರೆಗೆ ರಾಹುಕಾಲ, ಆಮೇಲೆ ದೊಡ್ಡಪ್ಪ ಪೆನ್ನು ಮುಟ್ಟುವವರಲ್ಲ. ಅದಕ್ಕೆ ಮುಂಚೆಯೇ ಅವರನ್ನು ಆಸ್ಪತ್ರೆಗೂ ಹೊರಡಿಸಬೇಕಿತ್ತು.

"ಇದ್ರ ಕೆಳಗೆ ಸಹಿ ಆಕ್ಬುಡಿ ದೊಡ್ಡಪ್ಪ. ಮೇಲೆ ಆಮೇಲೆ ಪ್ರಿಂಟ್ ತೆಗುಸ್ತೀನಿ," ಎಂದರು ಇವರು.

ನಾನು ಪೆನ್ನನ್ನು ಇವರ ಮುಂದೆ ಹಿಡಿದೆ. "ನಾಕು ಸಾಲು ಕೈಯಲ್ಲೇ ಬರೀರಿ," ಎಂದೆ.

"ನೀನು ಸುಮ್ಕಿರು ಭವ್ಯಾ."

"ನಮ್ಮುಡ್ಗನೇ ಕಣವ್ವ, ಮೋಸ ಮಾಡಾನಾ?" ಎನ್ನುತ್ತ ದೊಡ್ಡಪ್ಪ ಖಾಲಿ ಹಾಳೆಗೆ ಸಹಿ ಹಾಕಿದರು. ಸಾಕ್ಷಿಯಾಗಿ ನಾನೂ ಪಕ್ಕದ ಮನೆಯ ಕೀರ್ತಿರಾಜನೂ ಹಾಕಿದೆವು.

ಭಾನುವಾರ ಆಸ್ಪತ್ರೆಯಿಂದ ಅವರ ಹೆಣ ಬಂತು. ತಿಥಿ ಮುಗಿದ ಮಾರನೆಯ ದಿನವೇ ಇವರು ಲೇಸರ್ ಪ್ರಿಂಟರ್ ತಂದರು, ನನ್ನನ್ನೊಂದು ಮಾತೂ ಕೇಳಲಿಲ್ಲ. ಸಹಿಯಿದ್ದ ಹಾಳೆ ಒಳಗೆ ಹೋಗಿ ಬಿಸಿಯಾಗಿ ಈಚೆ ಬಂತು. ಕೈಗೆತ್ತಿಕೊಂಡು ಓದಿದೆ. ಮನೆಗೂ ತೋಟಕ್ಕೂ ಇವರದೇ ಹೆಸರು.

"ನೀವು ಹೊಟ್ಟೆಗೆ ಅನ್ನಾನೇ ತಿಂತೀರಾ?" ಎಂದೆ.

ಇವರು ತಣ್ಣಗೆ ಹೇಳಿದರು: "ಸಾಕ್ಷಿ ಆಕಿರೋಳು ನೀನು. ಬಾಯ್ ಬುಟ್ರೆ ಇಬ್ರೂ ಜೈಲ್ಗೋಯ್ತೀವಿ."

ಅಷ್ಟರಲ್ಲಿ ದೊಡ್ಡತಾಯಮ್ಮ ಬಾಗಿಲಿಗೆ ಬಂದರು. ಅವರಿಗೆ ಓದಲು ಬಾರದು. "ಅಣ್ಣನ ಕಾಗ್ದವಾ? ಕೊಡವ್ವ ನೋಡಾನ," ಎಂದು ಕೈ ಚಾಚಿದರು. ಬೀದಿಯನ್ನೆಲ್ಲ ಜಾಡಿಸುವ ಬಾಯಿಯವಳು ನಾನು, ಹಾಳೆಯನ್ನು ಕೊಟ್ಟುಬಿಟ್ಟೆ.

ಅವರು ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, "ನನ್ನಣ್ಣ ನನ್ ಕೈ ಬುಡ್ಲಿಲ್ಲ ಕಣವ್ವ," ಎಂದರು.