ಅಂಟಿಕೊಂಡ ಮೊದಲ ಹಾಳೆ

ನಾನು ಬೀಸುವ ಕಲ್ಲಿನ ಪದಗಳ ಪುಸ್ತಕ. ಹುಟ್ಟಿದ್ದು ಒಂದು ವಿಶ್ವವಿದ್ಯಾಲಯದ ಪ್ರಸಾರಾಂಗದಲ್ಲಿ, ಸೀಸದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ. ಮೊಳೆಗಳು ಎಷ್ಟು ಒತ್ತಿ ಕೂತವೆಂದರೆ, ಹಾಳೆಯ ಹಿಂಬದಿಯಲ್ಲೂ ಅಕ್ಷರಗಳು ಉಬ್ಬಿ ನಿಂತವು.

ಅಷ್ಟೂ ಪದಗಳನ್ನು ಹಾಡಿದವಳು ಬಾಳವ್ವ. ಅವಳ ಮೇಲಿನ ಗೌರವಕ್ಕೆ ಪ್ರಸಾರಾಂಗದವರು ನನ್ನ ಮೊಟ್ಟಮೊದಲ ಪುಟದಲ್ಲೇ ಅವಳ ಫೋಟೋ ಹಾಕಿದರು. ಕೆಳಗೆ ‘ಮೊದಲ ಮುದ್ರಣ’ ಎಂದು ಅಚ್ಚು ಮಾಡಿದರು. ಆ ಹಾಳೆಯ ಹಿಂಬದಿ ಮಾತ್ರ ಖಾಲಿ. ನನಗೆ ಕಂಟಕವಾದದ್ದು ಅದೇ.

ಗ್ರಂಥಾಲಯ ಸೇರಿದೆ. ಹೊಲಿಗೆ ಸಡಿಲವಾದಾಗ ಬೈಂಡಿಂಗಿಗೆ ಕಳಿಸಿದರು. ಮೊದಲ ಹಾಳೆ ಮಗುಚಿಕೊಂಡಿತ್ತು. ಬೈಂಡರ್ ಮಹಾಶಯನಿಗೆ ಕಂಡದ್ದು ಖಾಲಿ ಬದಿ ಮಾತ್ರ. ಅದು ರಟ್ಟಿಗೆ ಅಂಟಿಸುವ ಬಿಳಿ ಹಾಳೆ ಎಂದುಕೊಂಡ. ರಟ್ಟಿಗೆ ಅಂಟು ಬಳಿದು ಬಾಳವ್ವನ ಮುಖವನ್ನು ಅದಕ್ಕೆ ಒತ್ತಿಬಿಟ್ಟ. ನಾನು ಕೂಗಿಕೊಂಡೆ. ಪುಸ್ತಕದ ಕೂಗು ಯಾರ ಕಿವಿಗೆ ಬಿದ್ದೀತು!

ಮುಂದೆ ಗ್ರಂಥಾಲಯ ನನ್ನನ್ನು ರದ್ದಿಗೆ ಹಾಕಿತು. ಅಲ್ಲಿ ಸಿಕ್ಕವರು ಅಂದಾನಪ್ಪನವರು, ಮೊದಲ ಮುದ್ರಣಗಳ ಹುಚ್ಚು ಹಿಡಿದ ನಿವೃತ್ತ ಪ್ರಾಧ್ಯಾಪಕರು. ನನ್ನದೊಂದು ಪುಟದ ಹಿಂಬದಿಯ ಮೇಲೆ ಬೆರಳಾಡಿಸಿ ಹಿಗ್ಗಿದರು.

“ಉಬ್ಬು ಐತಿ! ಎರಡನೇ ಮುದ್ರಣ ಆಫ್‌ಸೆಟ್, ನುಣ್ಣಗಿರತೈತಿ. ಇದು ಮೊದಲನೇದ!”

ಆ ಎರಡನೆಯದರಲ್ಲಿ ಫೋಟೋವನ್ನೂ ಕೈಬಿಟ್ಟಿದ್ದರು. ಅಂದಾನಪ್ಪನವರು ನನ್ನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಅಂದಿನಿಂದ ಹುಳದ ಕಾಟವೂ ಇಲ್ಲ, ಓದುವವರ ಕಾಟವೂ ಇಲ್ಲ.

ಒಂದು ಬೆಳಿಗ್ಗೆ ಬಾಳವ್ವನ ಮೊಮ್ಮಗಳು ಕಸ್ತೂರಿ ಹುಡುಕಿಕೊಂಡು ಬಂದಳು.

“ಸರ್, ನಮ್ಮಜ್ಜಿದು ಇರೋದು ಈ ಪುಸ್ತಕದಾಗಿನ ಅದೊಂದ ಫೋಟೋರಿ. ಮೊದಲನೇ ಮುದ್ರಣದ ಬ್ಯಾರೆ ಪ್ರತಿ ಎಲ್ಲೂ ಸಿಗಲಿಲ್ಲ. ನಮ್ಮವ್ವ ಸಣ್ಣಾಕಿ ಇದ್ದಾಗ ಅಜ್ಜಿ ತೀರಿಕೊಂಡ್ಳು. ಅವ್ವಗ ಮಾರಿನೂ ನೆನಪಿಲ್ಲ. ಈಗ ಹಾಸಿಗಿ ಹಿಡದಾಳ್ರಿ, ಒಮ್ಮೆ ತೋರಸಬೇಕು.”

ಅಂದಾನಪ್ಪನವರು ನನ್ನನ್ನು ಹೊರಗೆ ತೆಗೆದು, ಫೋಟೋದ ಹಾಳೆ ರಟ್ಟಿಗೆ ಅಂಟಿಕೊಂಡದ್ದನ್ನು ಅವಳಿಗೆ ತೋರಿಸಿದರು. ಅಂಟು ಬಿಡಿಸಲೆಂದು ಒದ್ದೆ ಬಟ್ಟೆಯನ್ನು ಹಾಳೆಯ ಮೂಲೆಯವರೆಗೆ ತಂದರು. ಮತ್ತೆ ಹಿಂದಕ್ಕೆ ಎಳೆದುಕೊಂಡರು.

“ಬ್ಯಾಡವ್ವ ತಂಗಿ. ಎಬ್ಬಸಾಕ ಹೋಗಿ ಹರದರ? ಇದ್ದದ್ದೂ ಹೋಗತೈತಿ.”

“ಯಾರೂ ನೋಡದಿದ್ದ ಮ್ಯಾಲ ಇದ್ದಾದರೂ ಏನ್ರಿ ಸರ್?”

ಅವರು ಬಟ್ಟೆಯನ್ನು ಬದಿಗಿಟ್ಟು ನನ್ನನ್ನು ಮುಚ್ಚಿದರು. ಹರಿದರೆ ಹರಿಯಲಿ, ಎಬ್ಬಿಸಪ್ಪಾ ಎಂದು ನಾನು ಒಳಗೇ ಗೋಗರೆದೆ. ಅವರಿಗೆ ನನ್ನ ಮೇಲೆ ಪ್ರೀತಿ ಇಲ್ಲವೆನ್ನಲಾರೆ. ಆದರೆ ಆ ಪ್ರೀತಿಯೇ ನನಗೆ ಉಸಿರು ಕಟ್ಟಿಸುತ್ತದೆ. ಕಪಾಟಿಗೆ ಮತ್ತೆ ಬೀಗ ಬಿತ್ತು.

ಕಸ್ತೂರಿಯ ಅವ್ವ ನೋಡದೆಯೇ ಹೋದಳು. ಕಾರ್ಯವೆಲ್ಲ ಮುಗಿದ ಮೇಲೆ ಕಸ್ತೂರಿ ಇನ್ನೊಮ್ಮೆ ಬಂದಳು. ಈ ಸಲ ಏನೂ ಕೇಳಲಿಲ್ಲ. ಅಂದಾನಪ್ಪನವರೇ ತಲೆ ತಗ್ಗಿಸಿಕೊಂಡು ನನ್ನನ್ನು ತಂದು ಅವಳ ಮುಂದಿಟ್ಟರು. ಅವಳು ರಟ್ಟು ತೆರೆದು ಖಾಲಿ ಹಾಳೆಯ ಮೇಲೆ ಬೆರಳಾಡಿಸಿದಳು. ಅಕ್ಷರದ ಉಬ್ಬೂ ಸಿಗಲಿಲ್ಲ, ಅಂಟಿನ ತೇವಕ್ಕೆ ಅದು ಎಂದೋ ಅಡಗಿತ್ತು. ಕೊನೆಗೆ ಅಂಗೈಯನ್ನೇ ಊರಿ ಕುಳಿತಳು.

ಕೆಳಗೆ ಅಜ್ಜಿಯ ಕೆನ್ನೆ, ಮೇಲೆ ಮೊಮ್ಮಗಳ ಕೈ. ನಡುವೆ ಇದ್ದದ್ದು ಒಂದೇ ಹಾಳೆ. ಆ ಹಾಳೆ ನಾನೇ.