ಕಲ್ಲಿನ ದಿಬ್ಬಣ

ಅಲ್ಜಿಯಾಳ ಬಾಯಿ ಒಂದು ಗಳಿಗೆ ಸುಮ್ಮನಿರುವುದಿಲ್ಲ ಎಂಬುದು ಖೆಂಚೆಲಾದ ಅರ್ಧ ಊರಿಗೆ ಗೊತ್ತಿದ್ದ ಸಂಗತಿ. ಜನವರಿಯ ಆ ಬೆಳಿಗ್ಗೆ, ಬೆಟ್ಟದ ಮೇಲೆಲ್ಲ ಹಿಮ ಬಿದ್ದು ಊರಿಗೆ ಊರೇ ಗಡಗಡ ನಡುಗುತ್ತಿದ್ದಾಗ, ಮಗನ ವ್ಯಾನಿನ ಮುಂದಿನ ಸೀಟು ಹತ್ತಿದವಳು ಅಲ್ಲಿಂದಲೇ ಶುರುಮಾಡಿದಳು. ಮಗ ಝುಹೇರ್ ವ್ಯಾನು ಓಡಿಸುತ್ತಿದ್ದ. ಹಿಂದಿನ ಸೀಟಿನಲ್ಲಿ ಅವಳ ಬೀಗಿತ್ತಿಯಾಗಲಿದ್ದ ಮೆಬಾರ್ಕಾ, ಅವಳ ಪಕ್ಕದಲ್ಲಿ ಮಗಳು ನುಜೂದ್. ವಸಂತ ಬಂದರೆ ಫಾತಿಹಾ ಪ್ರಾರ್ಥನೆ ಓದಿಸಿ ಝುಹೇರನಿಗೂ ನುಜೂದಳಿಗೂ ಮದುವೆ. ಅಷ್ಟರೊಳಗೆ ಒಮ್ಮೆ ಉತ್ತರಕ್ಕೆ ಹೋಗಿ ಹಮ್ಮಾಮ್ ದಬಾಗ್‌ನ ಬಿಸಿನೀರಿನ ಬುಗ್ಗೆಯಲ್ಲಿ ಮಿಂದು ಬರಲೇಬೇಕೆಂದು ಅಲ್ಜಿಯಾ ಹಠ ಹಿಡಿದಿದ್ದಳು.

"ಲೋ, ರಸ್ತೆ ನೋಡಿಕೊಂಡು ಓಡಿಸೋ," ಎಂದು ಮಗನಿಗೆ ಗದರಿದಳು. "ಕನ್ನಡಿ ಇರೋದು ಹಿಂದೆ ಬರೋ ಲಾರಿ ನೋಡೋಕೆ, ಹುಡುಗೀನ ನೋಡೋಕಲ್ಲ."

"ಲಾರೀನೇ ನೋಡ್ತಿದ್ದೆ ಕಣಮ್ಮ."

"ಅಲ್ನೋಡಮ್ಮ ನುಜೂದ್, ನಿನ್ನನ್ನ ಲಾರಿ ಅಂತಿದ್ದಾನೆ!"

ನುಜೂದ್ ತಲೆವಸ್ತ್ರದ ಅಂಚನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಮೆಬಾರ್ಕಾಗೆ ಹೊಟ್ಟೆ ತುಂಬಿದಂತಾಯಿತು. ಈ ಸಂಬಂಧಕ್ಕಾಗಿ ಅವಳು ಗಂಡನ ಜೊತೆ ಎಷ್ಟು ಜಗಳವಾಡಿದ್ದಳು! ವ್ಯಾನು ಓಡಿಸುವವನಿಗೆ ಮಗಳನ್ನು ಕೊಡುವುದೇ ಎಂದು ಅವನು ಮೂಗು ಮುರಿದಿದ್ದ. ಮೆಬಾರ್ಕಾ ಮಾತ್ರ, ಝುಹೇರ್ ಮೊದಲ ಸಲ ಮನೆಯೊಳಗೆ ಕಾಲಿಟ್ಟು "ಚಿಕ್ಕಮ್ಮ, ಚೆನ್ನಾಗಿದ್ದೀರಾ?" ಎಂದು ಕೇಳಿದ ದಿನವೇ ಮನಸೋತಿದ್ದಳು. ಯಾಕೆಂದು ಅವಳಿಗೇ ಗೊತ್ತಿರಲಿಲ್ಲ. ಕೆಲವರನ್ನು ಕಂಡರೆ ಹಾಗೆ, ಎಲ್ಲೋ ನೋಡಿದಂತೆ, ನಮ್ಮವರೇ ಎಂಬಂತೆ. ಅದರ ಕಾರಣ ತಿಳಿಯದೆ ಉಳಿದಿದ್ದರೆ ಎಷ್ಟು ಚೆನ್ನಾಗಿತ್ತೋ.

ವಾದಿ ಝೆನಾತಿಯಲ್ಲಿ ಕಾಫಿ ಕುಡಿದು ಮುಂದೆ ಹೋದಂತೆ ಹಿಮ ಕರಗಿ ಹಸಿರು ಕಾಣಿಸಿತು. ಹಮ್ಮಾಮಿನ ಊರು ಸೇರುವಾಗ ಆಕಾಶಕ್ಕೆ ಹಬೆ ಏಳುತ್ತಿತ್ತು. ಬಂಡೆಯ ಮೇಲಿಂದ ಕುದಿನೀರು ಇಳಿದಿಳಿದು ಬಂಡೆಯೇ ಸುಣ್ಣ ಬಳಿದಂತಾಗಿದೆ. ಅದರ ಮುಂದೆ ಕೆಂಪು ಜೂಲು ಹೊದಿಸಿ, ಕಪ್ಪು ಕನ್ನಡಕ ತೊಡಿಸಿದ ಒಂಟೆಯೊಂದು ಫೋಟೋಕ್ಕೆಂದು ನಿಂತಿತ್ತು. ಅಲ್ಜಿಯಾ ಅದನ್ನು ಮೇಲಿಂದ ಕೆಳಗೆ ನೋಡಿ, "ನಮ್ಮ ಯಜಮಾನರ ತಮ್ಮನ ಹಾಗೇ ಇದೆ, ಅದೇ ತುಟಿ," ಎಂದಳು. ಒಂಟೆಯವನೂ ನಕ್ಕ.

ಝುಹೇರ್ ಮೊಟ್ಟೆ ಕೊಂಡು ತರಲು ಹೋದ. ಆ ನೀರಿನಲ್ಲಿ ಮೊಟ್ಟೆ ಬೇಯಿಸಿ ತಿನ್ನದೆ ಯಾರೂ ಹಿಂದಿರುಗುವುದಿಲ್ಲ. ಹೆಂಗಸರು ಮೂವರೂ ಹೆಂಗಸರ ಕಡೆಯ ಹಮ್ಮಾಮಿಗೆ, ಬಿಸಿನೀರಿನ ಸ್ನಾನದ ಮನೆಗೆ, ನಡೆದರು.

ಒಳಗೆ ಹಬೆಯಲ್ಲಿ ಮುಖಕ್ಕೆ ಮುಖ ಕಾಣದು. ನುಜೂದ್ ದೂರದ ಮೂಲೆಯಲ್ಲಿ ತಲೆ ತೊಳೆಯುತ್ತಿದ್ದಳು. ಅಲ್ಜಿಯಾ ಬಿಸಿನೀರಿಗಿಳಿದು ಆಹಾ ಎಂದು ಉಸಿರುಬಿಟ್ಟು, ಹೊಟ್ಟೆಯ ಮೇಲಿನ ಉದ್ದನೆಯ ಹೊಲಿಗೆಯ ಗುರುತನ್ನು ತೋರಿಸಿದಳು.

"ನೋಡಿದ್ರಾ ಬೀಗಿತ್ತಿ? ನಿಮ್ಮ ಅಳಿಯ ಬಂದ ಬಾಗಿಲು ಇದು. ಆಗ ನಾವಿನ್ನೂ ಅರೀಸ್ ಕಡೆ ಹಳ್ಳಿಯಲ್ಲಿದ್ವಿ. ಬಾತ್ನಾದ ಆಸ್ಪತ್ರೆಗೆ ಹೊತ್ತುಕೊಂಡು ಹೋದ್ರು. ಏನು ಹಿಮ ಅಂತೀರಿ ಆ ವರ್ಷ! ದಾರಿಯೆಲ್ಲ ಬಂದ್, ಕೊನೆಗೆ ಹಾಲಿನ ಪುಡಿ ಡಬ್ಬಾನೂ ಖಾಲಿ. ನನಗೆ ಪ್ರಜ್ಞೇನೇ ಇಲ್ಲ."

ಮೆಬಾರ್ಕಾ ಮೈ ಉಜ್ಜುತ್ತಿದ್ದ ಕೈ ನಿಧಾನವಾಯಿತು. "ಮತ್ತೆ ಕೂಸು?"

"ದೇವರು ದೊಡ್ಡವನು. ಪಕ್ಕದ ಕೋಣೆಯಲ್ಲಿ ಯಾರೋ ಒಬ್ಬಳ ಚೊಚ್ಚಲು ಕೂಸು ಹುಟ್ಟೋ ಮೊದಲೇ ಹೋಗಿತ್ತಂತೆ. ಅವಳೇ ಎದೆಗೆ ಹಾಕ್ಕೊಂಡಳಂತೆ. ನಾನು ಕಣ್ಣು ಬಿಡೋ ಹೊತ್ತಿಗೆ ಹೊರಟುಹೋಗಿದ್ದಳು. ಮುಖ ಕೂಡ ನೋಡ್ಲಿಲ್ಲ ನಾನು. ಎಲ್ಲಿದ್ದರೂ ತಣ್ಣಗಿರಲಿ ಪುಣ್ಯಾತ್ಗಿತ್ತಿ."

ಬೇರೆ ಹೆಂಗಸಿರಬಹುದು ಎಂದುಕೊಂಡಳು ಮೆಬಾರ್ಕಾ. ಬೇರೆ ವರ್ಷವಿರಬಹುದು. ಆದರೂ ತಡೆಯಲಾರದೆ ಕೇಳಿದಳು.

"ಹುಟ್ಟಿದಾಗ ಅವನ ಎಡಗಿವಿ... ಮಡಚಿಕೊಂಡಿತ್ತಾ?"

"ಅಯ್ಯೋ, ಅದನ್ನ ನಿಮಗ್ಯಾರು ಹೇಳಿದ್ರು? ರೊಟ್ಟಿ ಮಡಚಿದ ಹಾಗೆ ಇತ್ತು ಅಂತಿದ್ದಳು ನಮ್ಮತ್ತೆ. ನನ್ನ ಕೈಗೆ ಬರೋ ಹೊತ್ತಿಗೆ ತಾನಾಗೇ ಬಿಚ್ಚಿಕೊಳ್ತಿತ್ತು ನೋಡಿ."

ತಾನಾಗೇ ಬಿಚ್ಚಿಕೊಂಡಿರಲಿಲ್ಲ. ತನ್ನ ಕೂಸನ್ನು ಮಣ್ಣಿಗೆ ಕೊಟ್ಟ ಮರುದಿನ, ಹಾಲು ಕಟ್ಟಿ ಎದೆ ಕಲ್ಲಾಗಿದ್ದ ಮೆಬಾರ್ಕಾಳ ಮಡಿಲಿಗೆ ನರ್ಸೊಬ್ಬಳು ಅಳುವ ಗಂಡುಕೂಸನ್ನು ಹಾಕಿ ಹೋಗಿದ್ದಳು. ಅದು ಹಾಲು ಕುಡಿಯುವಾಗಲೆಲ್ಲ ಅದರ ಮಡಚಿದ ಕಿವಿಯನ್ನು ಅವಳು ಹೆಬ್ಬೆರಳಿನಿಂದ ಸವರಿ ಸವರಿ ನೆಟ್ಟಗೆ ಮಾಡುತ್ತಿದ್ದಳು. ಪರರ ಕೂಸಿಗೆ ಹಾಲು ಕೊಟ್ಟವಳು ಯಾರ ಕೂಸು ಎಂದು ಕೇಳಿಕೊಂಡು, ಎರಡೂ ಮನೆಯವರಿಗೆ ತಿಳಿಸಿ ಬರಬೇಕು. ಒಂದೇ ಎದೆಯ ಹಾಲು ಕುಡಿದವರು ಒಡಹುಟ್ಟಿದವರೇ. ಅವರಲ್ಲಿ ಮದುವೆ ಸಲ್ಲದು. ಇದನ್ನು ಅಲ್ಲಿಯ ಚಿಕ್ಕ ಹುಡುಗಿಯರೂ ಬಲ್ಲರು. ಮೆಬಾರ್ಕಾ ಕೇಳಲಿಲ್ಲ. ಹೆಸರು ಕೇಳಿದರೆ ಕೂಸು ಅವರದಾಗುತ್ತಿತ್ತು. ಕೇಳದಿದ್ದಷ್ಟು ದಿನ ಅವಳದೇ ಆಗಿತ್ತು. ಆಮೇಲೆ ಹಿಮ ಕರಗಿ ಗಂಡ ಬಂದು ಕರೆದುಕೊಂಡು ಹೋದ.

ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯಿತಲ್ಲ, ಎಂದು ಬಟ್ಟೆ ಉಟ್ಟುಕೊಳ್ಳುವಾಗ ಅವಳಿಗೆ ಅನ್ನಿಸಿತು. ಅಲ್ಜಿಯಾಗೆ ಗೊತ್ತಿಲ್ಲ. ಆ ನರ್ಸು ಎಲ್ಲಿದ್ದಾಳೋ. ಜಗತ್ತಿನಲ್ಲಿ ತಾನೊಬ್ಬಳು ತುಟಿ ಬಿಚ್ಚದಿದ್ದರೆ ಮಗಳ ಮದುವೆ ನಡೆಯುತ್ತದೆ, ಮಕ್ಕಳಾಗುತ್ತವೆ. ಮಕ್ಕಳಾಗುತ್ತವೆ ಎಂದುಕೊಂಡೊಡನೆ ತಲೆವಸ್ತ್ರವನ್ನು ಬಿಗಿಯಾಗಿ ಕಟ್ಟಿಕೊಂಡು ಹೊರಗೆ ನಡೆದಳು.

ಹೊರಗೆ ಝುಹೇರ್ ಬೇಯಿಸಿದ ಮೊಟ್ಟೆಯ ಬಲೆಚೀಲ ಹಿಡಿದು ಕಾಯುತ್ತಿದ್ದ. ಆ ಬಯಲಿನ ತುಂಬ ಆಳೆತ್ತರದ ಮೊನಚು ಕಲ್ಲುಗಳು, ಗುಂಪುಗುಂಪಾಗಿ ನಿಂತವು. ಒಬ್ಬ ಸಿರಿವಂತ ತನ್ನ ತಂಗಿಯ ಚೆಲುವಿಗೆ ಮರುಳಾಗಿ ಅವಳನ್ನೇ ಮದುವೆಯಾಗಲು ಹೊರಟನಂತೆ. ದೇವರು ಮುನಿದು ಇಡೀ ದಿಬ್ಬಣವನ್ನೇ ಕಲ್ಲು ಮಾಡಿದನಂತೆ. ಬಂದವರೆಲ್ಲ ಅಲ್ಲಿ ನಿಂತು ಇದು ಗಂಡು, ಇದು ಹೆಣ್ಣು, ಇದು ಖಾಜಿ ಎಂದು ಬೆರಳು ಮಾಡಿ ನಗುತ್ತಾರೆ. ಅಲ್ಜಿಯಾಳೂ ನಕ್ಕಳು.

"ಇದು ಖಾಜಿ. ಹೊಟ್ಟೆ ನೋಡಿ, ಊಟ ಮಾಡೇ ಕಲ್ಲಾಗಿದ್ದಾನೆ! ನುಜೂದ್, ಬಾರಮ್ಮ, ನೀನು ಮದುಮಗಳ ಪಕ್ಕ ನಿಲ್ಲು. ನೀನು ಆ ಕಡೆ ನಿಲ್ಲೋ. ಒಂದು ಫೋಟೋ ತೆಗೀತೀನಿ."

ಝುಹೇರ್ ಮೊಟ್ಟೆಯೊಂದನ್ನು ಸುಲಿದು, ಉಪ್ಪು ಉದುರಿಸಿ, ಮೊದಲು ಮೆಬಾರ್ಕಾಳತ್ತ ಚಾಚಿದ. "ತಗೊಳ್ಳಿ ಚಿಕ್ಕಮ್ಮ, ಬಿಸಿ ಇದೆ. ಯಾಕೆ, ಹುಷಾರಿಲ್ವಾ?"

ಅವಳ ಕಣ್ಣು ಅವನ ಎಡಗಿವಿಗೆ ಹೋಯಿತು. ಎಷ್ಟು ನೆಟ್ಟಗಿದೆ! ಹೆಬ್ಬೆರಳು ತಾನಾಗಿ ಮೇಲೆದ್ದಿತು. ಅವಳು ಅವನ ಕಿವಿಯನ್ನು ಸವರಿಬಿಟ್ಟಳು. ಹುಡುಗ ಗಾಬರಿಯಾದ.

"ಫೋಟೋ ಬೇಡ," ಎಂದಳು ಮೆಬಾರ್ಕಾ. "ಅಲ್ಜಿಯಾ, ಆ ಹೆಂಗಸು ನಾನೇ. ಬಾತ್ನಾದಲ್ಲಿ ಇವನಿಗೆ ಹಾಲು ಕೊಟ್ಟವಳು ನಾನೇ."

ಅಲ್ಜಿಯಾ ಎತ್ತಿದ ಫೋನು ಎತ್ತಿದಂತೆಯೇ ಉಳಿಯಿತು. "ತಮಾಷೆ ಮಾಡಬೇಡಿ ಬೀಗಿತ್ತಿ."

"ತಮಾಷೆ ಮಾಡೋ ಮಾತಾ ಇದು?"

"ಎಷ್ಟು ಸಲ?" ಎಂದ ಝುಹೇರ್. "ಎಷ್ಟು ಸಲ ಕುಡಿದೆ ನಾನು? ಒಂದ್ಸಲ, ಎರಡು ಸಲ ಆದ್ರೆ ಲೆಕ್ಕಕ್ಕಿಲ್ಲ ಅಂತಾರೆ ಕೆಲವರು."

"ನೀನು ಅತ್ತಾಗಲೆಲ್ಲ ಕೊಟ್ಟೆ ಕಣೋ, ಮಗೂ."

ಅಲ್ಜಿಯಾ ಮಸೀದಿಯ ಇಮಾಮನಾಗಿದ್ದ ತನ್ನ ಅಣ್ಣನಿಗೆ ಫೋನು ಹಚ್ಚಿದಳು. ಕಲ್ಲುಗಳ ನಡುವೆ ಅತ್ತಿಂದಿತ್ತ ನಡೆಯುತ್ತ, ಅಳುತ್ತ, ಜಗಳವಾಡುತ್ತ, ಮತ್ತೆ ಮತ್ತೆ ಅದನ್ನೇ ಕೇಳಿದಳು. ಹಿಂದಿರುಗಿ ಫೋನನ್ನು ಚೀಲಕ್ಕೆ ತುರುಕಿದಳು. "ಒಂದು ಗುಟುಕಾದ್ರೂ ಹಾಲು ಹಾಲೇ ಅಂತೆ," ಎಂದಳು. "ಪುಣ್ಯ, ಫಾತಿಹಾ ಓದಿಸೋ ಮೊದಲೇ ಗೊತ್ತಾಯ್ತು ಅಂತಾನೆ. ಪುಣ್ಯ ಅಂತೆ! ಅವನ ಪುಣ್ಯಕ್ಕಿಷ್ಟು ಬೆಂಕಿ ಹಾಕ."

ನುಜೂದ್ ಈಗ ತಾಯಿಯ ಎದುರು ಬಂದು ನಿಂತಳು.

"ನಿನಗೊಬ್ಬಳಿಗೇ ಗೊತ್ತಿತ್ತು ತಾನೇ?"

"ಹೌದು ಕಣೇ."

"ಸುಮ್ನೆ ಇರೋಕಾಗ್ಲಿಲ್ವಾ ಅಮ್ಮ? ಪಾಪ ಬಂದಿದ್ರೆ ನಿನಗೊಬ್ಬಳಿಗೆ ಬರ್ತಿತ್ತು. ನನಗೋಸ್ಕರ ಅಷ್ಟು ಪಾಪ ಹೊರೋಕಾಗ್ಲಿಲ್ವಾ ನಿನಗೆ?"

ಮೆಬಾರ್ಕಾಗೆ ಹೊರುತ್ತಿದ್ದೆ ಎನ್ನಬೇಕೆನ್ನಿಸಿತು. ಪಾಪಕ್ಕೆ ಅವಳು ಹೆದರಿರಲಿಲ್ಲ. ಆದರೆ ಆ ಕಿವಿಯನ್ನು ಮುಟ್ಟಿದ ಮೇಲೆ ಅವನು ಅಳಿಯನಾಗಿ ಕಾಣಲೇ ಇಲ್ಲ. ಕಳೆದುಹೋದ ಕೂಸಾಗಿ ಕಂಡ. ಇದನ್ನು ಮಗಳಿಗೆ ಹೇಗೆ ಹೇಳುವುದು? ಎದೆ ಬಿರಿಯುವಷ್ಟು ದುಃಖದಲ್ಲೂ ಆ ಕೂಸು ಸಿಕ್ಕಿತಲ್ಲ ಎಂಬ ಒಂದು ಎಳೆ ಸಂತೋಷ ಒಳಗೆಲ್ಲೋ ಇತ್ತು. ಅದಕ್ಕಾಗಿ ಅವಳು ತನ್ನ ಬಗ್ಗೆಯೇ ಹೇಸಿಕೊಂಡಳು.

ಬಿಸಿಲು ಇಳಿಯುವ ಮುಂಚೆ ಹೊರಟರು. ಮೊಟ್ಟೆಗಳನ್ನು ಯಾರೂ ತಿನ್ನಲಿಲ್ಲ. ಅಲ್ಜಿಯಾ ಈ ಸಲ ಹಿಂದೆ ಬಂದು ಮೆಬಾರ್ಕಾಳ ಪಕ್ಕ ಕೂತು, ಬೀಗಿತ್ತಿ ಎನ್ನಲೂ ಆಗದೆ ಬೇರೇನೂ ತೋಚದೆ, ಅವಳ ಕೈ ಹಿಡಿದುಕೊಂಡಳು. ನುಜೂದ್ ಯಾರನ್ನೂ ಕೇಳದೆ ಮುಂದಿನ ಬಾಗಿಲು ತೆರೆದು ಝುಹೇರನ ಪಕ್ಕ ಕೂತಳು. ಬೆಳಿಗ್ಗೆಯಾಗಿದ್ದರೆ ಇಬ್ಬರೂ ತಾಯಂದಿರು ಹೌಹಾರುತ್ತಿದ್ದರು. ಈಗ ತಡೆಯಲು ಕಾರಣವೇ ಇರಲಿಲ್ಲ.

ಚಡಾವು ಹತ್ತಿದಂತೆ ಮತ್ತೆ ಹಿಮ ಶುರುವಾಯಿತು. ಒದ್ದೆ ಕೂದಲಿನ ಒಂದು ಎಳೆ ನುಜೂದಳ ತಲೆವಸ್ತ್ರದಿಂದ ಹೊರಬಿದ್ದಿತ್ತು. ಮೆಬಾರ್ಕಾ ಅಭ್ಯಾಸಬಲದಿಂದ, "ನುಜೂದ್, ಕೂದಲು ಕಾಣ್ತಿದೆ, ಸರಿ ಮಾಡ್ಕೊಳ್ಳೇ," ಎಂದಳು.

"ಯಾರಿಗೆ ಕಂಡ್ರೇನಮ್ಮ?" ಎಂದಳು ನುಜೂದ್. "ಇಲ್ಲಿರೋನು ನಮ್ಮಣ್ಣ ತಾನೇ."

ಹಾಗೆಂದು ತಲೆವಸ್ತ್ರವನ್ನು ಪೂರಾ ಎಳೆದು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಕೂದಲು ಸೊಂಟದವರೆಗೂ ಬಿಚ್ಚಿಕೊಂಡು ಬಿತ್ತು. ಆ ಕೂದಲನ್ನು ಒಮ್ಮೆ, ಒಂದೇ ಒಂದು ಫೋಟೋದಲ್ಲಾದರೂ ತೋರಿಸೆಂದು ಝುಹೇರ್ ಫೋನಿನಲ್ಲಿ ಗೋಗರೆಯುತ್ತಿದ್ದುದೂ, ಫಾತಿಹಾ ಆಗಲಿ ಇರು ಎಂದು ಮಗಳು ಸತಾಯಿಸುತ್ತಿದ್ದುದೂ ಗೋಡೆಯಾಚೆ ಮಲಗುವ ಮೆಬಾರ್ಕಾಳ ಕಿವಿಗೆ ಎಷ್ಟೋ ಸಲ ಬಿದ್ದಿತ್ತು.

ಝುಹೇರ್ ತಿರುಗಿ ನೋಡಲಿಲ್ಲ. ಕಣ್ಣು ರಸ್ತೆಯ ಮೇಲೆಯೇ ಇತ್ತು. ಕೊನೆಗೆ, "ಹೀಟರ್ ಜಾಸ್ತಿ ಮಾಡ್ಲಾ, ತಂಗೀ?" ಎಂದು ಕೇಳಿದ. "ತಲೆ ಒದ್ದೆ ಇದೆ, ಶೀತ ಆಗುತ್ತೆ."

ನುಜೂದ್ ಆಗ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಮೆಬಾರ್ಕಾ ಹಿಂದಿನಿಂದ ಕೈ ಚಾಚಿ ಮಗಳ ಭುಜ ಮುಟ್ಟಿದಳು. ಮಗಳು ಆ ಕೈಯನ್ನು ಮೆಲ್ಲಗೆ ಎತ್ತಿ ಪಕ್ಕಕ್ಕೆ ಇಟ್ಟಳು.