ಈರಭದ್ರಪ್ಪ ಧರಣಿ ಕೂತದ್ದು

“ಇನ್ನೂ ಸ್ವಲ್ಪ ಕೆಳಗಿಳ್ಸೋ, ಬ್ಯಾಂಡೇಜು ಕಾಣ್ತಿದೆ,” ಎಂದ ಓಂಕಾರೇಶ್.

ಅವನ ಚೇಲ ದೇವರಾಜ ಹೆಣದ ಮೊಣಕಾಲ ಮೇಲಿದ್ದ ಬೋರ್ಡನ್ನು ಪಾದದವರೆಗೆ ಜಾರಿಸಿದ. ‘ರಾಷ್ಟ್ರೀಯ ಉದ್ಯಾನ ಬೇಡ, ನಮ್ಮ ವಿಹಾರಧಾಮ ನಮಗಿರಲಿ’ ಎಂದು ಅದರಲ್ಲಿ ಕೆಂಪಕ್ಷರದಲ್ಲಿ ಬರೆದಿತ್ತು. ಹಣೆತುಂಬ ವಿಭೂತಿ ಬಳಿಸಿಕೊಂಡು ಈರಭದ್ರಪ್ಪ ಹೆಣ ಹೊರುವ ಬಿದಿರಿನ ವಿಮಾನದಲ್ಲಿ ನೆಟ್ಟಗೆ ಕೂತಿದ್ದ. ಅವನ ಜಾತಿಯವರಲ್ಲಿ ಹೆಣವನ್ನು ಕೂರಿಸಿಯೇ ಮಣ್ಣು ಮಾಡುವುದು. ಹೋರಾಟ ಸಮಿತಿಗೆ ಇದು ಅನುಕೂಲವೇ ಆಯಿತು. ಮಲಗಿದ ಹೆಣ ಫೋಟೊದಲ್ಲಿ ಇಷ್ಟು ಚೆನ್ನಾಗಿ ಬರುವುದಿಲ್ಲ.

ಸಿಂಗಟಗೆರೆಯಿಂದ ಹೊರಟ ಮೆರವಣಿಗೆ ಹೊಲದ ಕಡೆ ತಿರುಗದೆ ವಿಹಾರಧಾಮದ ಗೇಟಿನಲ್ಲಿ ನಿಂತಿತ್ತು.

“ಕುಣಿ ತೋಡ್ಕಂಡು ಕಾಯ್ತಾವ್ರೆ. ಹೊತ್ತು ಮುಳುಗೋದ್ರೊಳಗೆ ಮಣ್ಣು ಮಾಡ್ಬೇಕು,” ಎಂದಳು ಹೆಂಡತಿ ಕರಿಬಸಮ್ಮ.

“ಮನವಿ ತಗಳ್ಳೋಕೆ ಅಮಲ್ದಾರ್ ಬರ್ಲಿ ಕಣಕ್ಕ, ಅರ್ಧ ಗಂಟೆ,” ಎಂದ ಓಂಕಾರೇಶ್.

ಸಮಿತಿಯ ಅಧ್ಯಕ್ಷ ಓಂಕಾರೇಶನೇ. ಗೇಟಿನೆದುರಿನ ಬಾರೂ ಅವನದೇ. ಮೈಕು ಹಿಡಿದು ಕೂಗಿದ: “ಪಾರ್ಕ್ ಬಂದ್ರೆ ಕೆಲ್ಸ ಹೋಗುತ್ತೆ ಅಂತ ಚಿಂತೆ ಮಾಡ್ಕಂಡೇ ನಮ್ಮಣ್ಣ ಸತ್ತ!”

ಜನ ಚಪ್ಪಾಳೆ ತಟ್ಟಿದರು. ಎದುರಿಗಿರುವುದು ಹೆಣವೆಂಬುದು ಒಬ್ಬನಿಗೂ ನೆನಪಾಗಲಿಲ್ಲ.

*

ಈರಭದ್ರಪ್ಪ ಹತ್ತೊಂಬತ್ತು ವರ್ಷ ವಿಹಾರಧಾಮದಲ್ಲಿ ಕಸ ಆಯ್ದವನು. ಹಗಲು ಕಡೂರು, ತರೀಕೆರೆ ಕಡೆಯ ಕುಟುಂಬಗಳು ಬಂದು ಬುತ್ತಿ ಉಂಡು ಹೋಗುತ್ತಿದ್ದವು. ಸಂಜೆ ಊರ ಗಂಡಸರು ಕುಡಿದು, ಬಾಟಲಿಯನ್ನು ಬಂಡೆಗೆ ಬೀಸುತ್ತಿದ್ದರು. ಚೂರೆಲ್ಲ ಅವನ ಗೋಣಿಚೀಲಕ್ಕೆ.

ಸಮಿತಿಯ ಮೊದಲ ಸಭೆಯೂ ಆ ಬಂಡೆಯ ಬಳಿಯೇ, ಬಾಟಲಿಗಳ ಸಮೇತ ನಡೆಯಿತು. ಮರುದಿನ ಆ ಬಾಟಲಿಗಳ ಗಾಜು ಅವನ ಹಿಮ್ಮಡಿಗೆ ಹೊಕ್ಕಿತು. ಸಕ್ಕರೆ ಕಾಯಿಲೆಯ ಕಾಲು, ಕೊಳೆಯಿತು. ಮನವಿಗೆ ಸಹಿ ಹಾಕಿಸಲು ಓಂಕಾರೇಶ್ ಬಂದಾಗ ಈರಭದ್ರಪ್ಪ ಜಗಲಿಯ ಮೇಲೆ ಕಾಲು ಚಾಚಿಕೊಂಡಿದ್ದ.

“ಪಾರ್ಕ್ ಆದ್ರೆ ನಿನ್ ಕೆಲ್ಸ ಹೋಗುತ್ತೆ ಕಣಣ್ಣ.”

“ಹೋಗ್ಲಿ ಬಿಡಪ್ಪ. ಅಲ್ಲಿ ಹುಲ್ಲಾದ್ರೂ ಬೆಳೀಲಿ. ನಿಮ್ ಧರಣಿಗೆ ನಾನ್ ಬಂದು ಕೂರಾಕಿಲ್ಲ.”

*

ಅಮಲ್ದಾರರು ಬರಲಿಲ್ಲ. ಬಂದದ್ದು ಮಜ್ಜಿಗೆ ಪ್ಯಾಕೆಟ್ಟು. ಕುಡಿದವರು ಖಾಲಿ ಪ್ಯಾಕೆಟ್ಟನ್ನು ವಿಮಾನದ ಬುಡಕ್ಕೇ ಎಸೆದರು.

ಕರಿಬಸಮ್ಮ ಎದ್ದು ಬೋರ್ಡನ್ನು ಕಿತ್ತು ನೆಲಕ್ಕೆ ಹಾಕಿದಳು. ಕೀವು ಒಣಗಿದ ಬ್ಯಾಂಡೇಜು ಹೊರಬಿತ್ತು.

“ಅಯ್ಯೋ, ಫೋಟೊ ಆಗ್ಲಿ ತಡಿಯಕ್ಕ!” ಎಂದ ಓಂಕಾರೇಶ್.

“ಈಗ ಹೊಡ್ಕಳಪ್ಪ. ಕಾಲು ಚೆನ್ನಾಗಿ ಬರೋ ಹಂಗೆ ಹೊಡ್ಕ. ನಿನ್ ಬಾಟ್ಲಿ ಮಾಡಿದ್ದು.”

ಎತ್ತಿ ಹಿಡಿದಿದ್ದ ಫೋನುಗಳು ಒಂದೊಂದಾಗಿ ಜೇಬು ಸೇರಿದವು. ವಿಮಾನ ಹೊಲದ ಕಡೆ ತಿರುಗಿತು. ಹೊತ್ತ ನಾಲ್ವರೂ ಬರಿಗಾಲಿನವರು. ಬಾರಿನ ಮುಂದೆ ಬಂದಾಗ ತಲೆ ತಗ್ಗಿಸಿ, ಹೆಜ್ಜೆ ಹೆಜ್ಜೆಗೂ ನೆಲ ನೋಡಿಕೊಂಡು, ಗಾಜು ತಪ್ಪಿಸಿ ತಪ್ಪಿಸಿ ನಡೆದರು.